ಬಿಸಿಲಿನಲ್ಲಿ ಹದವಾದ ಅಂಟು

ಕಿರಾಣಿ ಅಂಗಡಿಗೆ ಹೋಗಿ ಅರ್ಧ ಕಿಲೋ ಅಂಟು ಕೇಳಿದರೆ ನಮ್ಮ ವಿಜಯಪುರದಲ್ಲಿ ಎದುರಾಗುವ ಪ್ರಶ್ನೆ ಒಂದೇ: “ಯಾರ್ ಹಡದಾರ್ರೀ ಮನ್ಯಾಗ?” ಬಾಣಂತಿಗೆ ಅಂಟಿನ ಉಂಡಿ ಕಟ್ಟುವವರನ್ನು ಬಿಟ್ಟರೆ ಅಷ್ಟು ಅಂಟು ಒಯ್ಯುವವರು ಕಡಿಮೆ. “ಯಾರೂ ಹಡದಿಲ್ಲ ಕಾಕಾ, ಫೋಟೊ ಮಾಡಾಕ ಬೇಕಾಗೇತಿ” ಅಂದೆ. ಕಾಕಾ ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು. “ಅಂಟಿಲೆ ಫೋಟೊ?” ಹಿಂದೆ ಇನ್ನೂ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವತ್ತು ಕಾಕಾಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಗಮ್ ಪ್ರಿಂಟ್, ಪೂರ್ತಿ ಹೆಸರಿನಲ್ಲಿ ಗಮ್ ಬೈಕ್ರೋಮೇಟ್ ಪ್ರಿಂಟ್, ಫೋಟೊವನ್ನು ಕಾಗದದ ಮೇಲೆ ಕೈಯಾರೆ ಮಾಡುವ ಹಳೆಯ ವಿಧಾನಗಳಲ್ಲೊಂದು. ಮುಖ್ಯ ಸಾಮಾನು ಮೂರು: ಮರದ ಅಂಟು, ಬಣ್ಣ, ಮತ್ತು ಬೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಉಪ್ಪು. ಮೂರನ್ನೂ ಕಲಸಿ ಕಾಗದಕ್ಕೆ ಬಳಿಯಬೇಕು, ಕತ್ತಲಲ್ಲಿ ಒಣಗಿಸಬೇಕು, ಮೇಲೆ ನೆಗೆಟಿವ್, ಅಂದರೆ ಬೆಳಕು ನೆರಳು ಉಲ್ಟಾ ಆಗಿರುವ ಚಿತ್ರದ ಹಾಳೆ, ಇಟ್ಟು ಬಿಸಿಲಿಗೆ ಹಿಡಿಯಬೇಕು, ಕೊನೆಗೆ ತಣ್ಣೀರಿನಲ್ಲಿ ತೇಲಿಬಿಡಬೇಕು. ಡಾರ್ಕ್‌ರೂಮಿನ ಮಾಮೂಲು ಫೋಟೊ ಕಾಗದದಲ್ಲಿ ಬೆಳಕು ತಾಗಿದ ಬೆಳ್ಳಿಯ ಲವಣ ಡೆವಲಪರ್ ಎಂಬ ದ್ರಾವಣದಲ್ಲಿ ಕಪ್ಪಾಗುತ್ತದೆ, ಅಂದರೆ ಇಲ್ಲದ ಕಪ್ಪು ಹುಟ್ಟಿಕೊಳ್ಳುತ್ತದೆ. ಗಮ್‌ನಲ್ಲಿ ಏನೂ ಹುಟ್ಟುವುದಿಲ್ಲ. ಬೇಕಾದ ಬಣ್ಣವೆಲ್ಲ ಮೊದಲೇ ಕಾಗದದ ತುಂಬ ಬಳಿದಿರುತ್ತದೆ. ಬೆಳಕು ಬಿದ್ದ ಕಡೆ ಅಂಟು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಬೆಳಕು ಬೀಳದ ಕಡೆ ಅಂಟು ಕರಗಿ ಬಣ್ಣ ನೀರಿಗೆ ಹೋಗುತ್ತದೆ. ತೊಳೆದ ಮೇಲೆ ಉಳಿದದ್ದೇ ಚಿತ್ರ.

ಅಂಟು ಗಟ್ಟಿಯಾಗುವುದು ಅಂದರೇನು? ಇದಕ್ಕೆ ನಮ್ಮಲ್ಲಿ ಒಳ್ಳೆಯ ಶಬ್ದವಿದೆ: ಹದ. ತೊಗಲನ್ನು ಹದ ಮಾಡುತ್ತೇವೆ ಅನ್ನುತ್ತೇವಲ್ಲ, ಅದೇ. ಅಥಣಿ ಕಡೆಯ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ಹದ ಮಾಡುವುದು ಹಳೆಯ ಪದ್ಧತಿ. ಬೂಟಿನ ಕಾರ್ಖಾನೆಗಳಿಗೆ ಹೋಗುವ ತೊಗಲು ಹೆಚ್ಚಾಗಿ ಹದವಾಗುವುದು ಕ್ರೋಮಿಯಂ ಲವಣದಲ್ಲಿ. ಹಸಿ ತೊಗಲು ನೀರಿನಲ್ಲಿ ಕೊಳೆಯುತ್ತದೆ, ಕುದಿಸಿದರೆ ಅಂಟು ಗಂಜಿಯಂತಾಗುತ್ತದೆ. ಕ್ರೋಮಿಯಂ ಅದರ ಎಳೆ ಎಳೆಗಳ ನಡುವೆ ಗಂಟು ಹಾಕಿದ ಮೇಲೆ ಅದು ನೀರಿಗೆ ಜಗ್ಗುವುದಿಲ್ಲ. ಗಮ್ ಪ್ರಿಂಟಿನಲ್ಲೂ ಗಂಟು ಹಾಕುವುದು ಇದೇ ಕ್ರೋಮಿಯಂ. ವ್ಯತ್ಯಾಸ ಇಷ್ಟೇ: ಬೈಕ್ರೋಮೇಟಿನಲ್ಲಿ ಕ್ರೋಮಿಯಂ ಇರುವ ಸ್ಥಿತಿಗೆ ರಸಾಯನಶಾಸ್ತ್ರದವರು ಕ್ರೋಮಿಯಂ-6 ಅನ್ನುತ್ತಾರೆ, ಆ ಸ್ಥಿತಿಯಲ್ಲಿ ಅದಕ್ಕೆ ಗಂಟು ಹಾಕಲು ಬರುವುದಿಲ್ಲ. ಪಕ್ಕದಲ್ಲಿ ಅಂಟಿನಂಥ ಸಾವಯವ ವಸ್ತು ಇದ್ದು ಮೇಲೆ ಬಿಸಿಲು ಬಿದ್ದಾಗ ಅದು ಕ್ರೋಮಿಯಂ-3 ಆಗುತ್ತದೆ. ಈ ಕ್ರೋಮಿಯಂ-3ಕ್ಕೆ ಅಂಟಿನ ಉದ್ದುದ್ದ ಅಣುಗಳನ್ನು ಒಂದಕ್ಕೊಂದು ಬಿಗಿಯುವ ಗುಣವಿದೆ. ಅಂದರೆ ತೊಗಲಿನವರು ತೊಟ್ಟಿಯಲ್ಲಿ ಮಾಡುವ ಕೆಲಸವನ್ನು ಇಲ್ಲಿ ಬಿಸಿಲು ಮಾಡುತ್ತದೆ, ಅದೂ ನೆಗೆಟಿವ್ ಎಲ್ಲಿ ದಾರಿ ಬಿಟ್ಟಿದೆಯೋ ಅಲ್ಲಿ ಮಾತ್ರ. ಬಿಸಿಲಿನ ಎಲ್ಲ ಬೆಳಕಿಗೂ ಈ ಶಕ್ತಿ ಇಲ್ಲ. ನೇರಳಾತೀತ ಮತ್ತು ನೀಲಿ ಕಿರಣಗಳೇ ಕೆಲಸದವು. ಹಾಗಾಗಿ ಮಂದ ಹಳದಿ ಬಲ್ಬಿನ ಕೆಳಗೆ ಧೈರ್ಯವಾಗಿ ಬಳಿಯಬಹುದು, ಕಗ್ಗತ್ತಲು ಬೇಕಿಲ್ಲ.

ಬೈಕ್ರೋಮೇಟ್ ಬಳಿದ ಕಾಗದ ಬೆಳಕಿಗೆ ಬಣ್ಣ ತಿರುಗುತ್ತದೆ ಎಂದು 1839ರಲ್ಲಿ ಕಂಡುಕೊಂಡವನು ಸ್ಕಾಟ್ಲೆಂಡಿನ ಮಂಗೋ ಪಾಂಟನ್. ಬೈಕ್ರೋಮೇಟ್ ಬೆರೆತ ಜಿಲೆಟಿನ್ ಎಂಬ ಇನ್ನೊಂದು ಬಗೆಯ ಅಂಟು ಬೆಳಕಿಗೆ ಕರಗದಂತಾಗುತ್ತದೆ ಎಂಬುದನ್ನು 1852ರ ಹೊತ್ತಿಗೆ ಬಳಕೆಗೆ ತಂದವನು ಫಾಕ್ಸ್ ಟಾಲ್ಬಟ್. ಅದಕ್ಕೆ ಬಣ್ಣ ಬೆರೆಸಿ ಚಿತ್ರ ಉಳಿಸಬಹುದೆಂದು ಫ್ರಾನ್ಸಿನ ಅಲ್ಫೋನ್ಸ್ ಪ್ವಾಟ್ವಾ ಪೇಟೆಂಟ್ ಪಡೆದದ್ದು 1855ರಲ್ಲಿ. ಆ ವರ್ಷ ನನ್ನ ಮನಸ್ಸಿನಲ್ಲಿ ನಿಂತಿರುವುದಕ್ಕೆ ಬೇರೆ ಕಾರಣವಿದೆ. ಅದೇ 1855ರಲ್ಲಿ ಮುಂಬಯಿ ಪ್ರಾಂತದ ಸರ್ಕಾರ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಕ್ಯಾಮೆರಾ ಕೊಟ್ಟು ನಮ್ಮ ಸೀಮೆಗೆ ಕಳಿಸಿತ್ತು. ವಿಜಯಪುರ, ಬಾದಾಮಿ, ಐಹೊಳೆಗಳ ಮೊದಮೊದಲ ಫೋಟೊಗಳು ಅವನವು, ನೆಗೆಟಿವ್ ಕೂಡ ಕಾಗದದ್ದೇ. ಪ್ಯಾರಿಸ್ಸಿನಲ್ಲಿ ಒಬ್ಬ ಬಣ್ಣ ಕಲಸುತ್ತಿದ್ದ ವರ್ಷವೇ ಇಲ್ಲಿ ಇನ್ನೊಬ್ಬ ಆದಿಲ್‌ಶಾಹಿ ಗುಮ್ಮಟಗಳ ಮುಂದೆ ಮೂರು ಕಾಲಿನ ಸ್ಟ್ಯಾಂಡ್ ಊರಿ ನಿಂತಿದ್ದ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಕ್ಕಿಲ್ಲ.

1858ರಲ್ಲಿ ಇಂಗ್ಲೆಂಡಿನ ಜಾನ್ ಪೌನ್ಸಿ ಅಂಟಿನಲ್ಲಿ ಮಾಡಿದ ಚಿತ್ರಗಳನ್ನು ತೋರಿಸಿದ. ಜನ ಮೆಚ್ಚಿದರೂ ವಿಧಾನ ಹಿಡಿಯಲಿಲ್ಲ. ದಟ್ಟ ನೆರಳು ಚೆನ್ನಾಗಿ ಕೂರುತ್ತಿತ್ತು, ತಿಳಿ ಬೂದು ಬಣ್ಣಗಳೆಲ್ಲ ತೊಳೆಯುವಾಗ ಜಾರಿ ಹೋಗುತ್ತಿದ್ದವು. ಮುಖದ ಚಿತ್ರ ಮಾಡಿದರೆ ಗಡ್ಡ ಉಳಿದು ಕೆನ್ನೆ ಮಾಯ. ಇದು ಪೌನ್ಸಿಯ ಕೈ ತಪ್ಪಲ್ಲ, ವಿಧಾನದ ಹೊಟ್ಟೆಯಲ್ಲೇ ಇರುವ ತೊಡಕು. ಗಮ್ ಪ್ರಿಂಟ್ ತಿಳಿಯಬೇಕೆಂದರೆ ಈ ಒಂದು ತೊಡಕು ತಿಳಿದರೆ ಮುಕ್ಕಾಲು ಪಾಲು ತಿಳಿದಂತೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ನಮ್ಮ ಎರೆ ಹೊಲ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಮಳೆ ಬಿದ್ದು ಎರಡು ದಿನ ಬಿಸಿಲಾದರೆ ಎರೆಮಣ್ಣಿನ ಮೇಲೆ ಒಂದು ಹೆಪ್ಪಳಿಕೆ ಕಟ್ಟುತ್ತದೆ. ನೋಡಲು ಒಣ ನೆಲ. ಕಾಲಿಟ್ಟರೆ ಆ ಹೆಪ್ಪಳಿಕೆ ಸರ್ರನೆ ಜಾರಿ, ಕೆಳಗಿನ ಹಸಿ ರಾಡಿಗೆ ಕಾಲು ಹೋಗುತ್ತದೆ. ಬಿಸಿಲು ಮಣ್ಣನ್ನು ಮೇಲಿನಿಂದ ಒಣಗಿಸುತ್ತ ಬಂತು, ತಳ ಮುಟ್ಟಲಿಲ್ಲ. ಅಂಟಿನ ಪದರದಲ್ಲೂ ಹೀಗೇ. ಬೆಳಕು ಮೇಲಿನಿಂದ ಬೀಳುತ್ತದೆ, ಪದರದಲ್ಲಿರುವ ಬಣ್ಣ ಮತ್ತು ಕಿತ್ತಳೆ ಉಪ್ಪು ಅದನ್ನು ಕುಡಿಯುತ್ತ ಹೋಗುತ್ತವೆ. ನೆಗೆಟಿವ್‌ ತೆರವಾಗಿರುವ ಕಡೆ, ಅಂದರೆ ಚಿತ್ರದ ದಟ್ಟ ನೆರಳಿನ ಜಾಗದಲ್ಲಿ, ಬೇಕಾದಷ್ಟು ಬೆಳಕು ಇಳಿದು ಅಂಟು ಕಾಗದದವರೆಗೂ ಹದವಾಗುತ್ತದೆ. ನಡು ಛಾಯೆಯ ಜಾಗದಲ್ಲಿ ಬೆಳಕು ಅರ್ಧಕ್ಕೇ ಸೋಲುತ್ತದೆ. ಮೇಲಿನ ಅರ್ಧ ಗಟ್ಟಿ, ಕಾಗದಕ್ಕೆ ಹತ್ತಿದ ಕೆಳಗಿನ ಅರ್ಧ ಇನ್ನೂ ಕರಗುವ ಅಂಟು. ನೀರಿಗೆ ಬಿಟ್ಟಾಗ ಕೆಳಗಿನದು ಕರಗಿ, ಮೇಲಿನ ಗಟ್ಟಿ ಪದರ ಕಾಲಡಿಯ ನೆಲ ಕಳೆದುಕೊಂಡು ತೇಲಿ ಹೋಗುತ್ತದೆ. ಕೆನ್ನೆ ಮಾಯವಾಗುವುದು ಹೀಗೆ.

ಇದಕ್ಕೆ ಎರಡು ದಾರಿ ಹುಟ್ಟಿದವು. ಒಂದು, ಜೋಸೆಫ್ ಸ್ವಾನ್ 1864ರಲ್ಲಿ ಪೇಟೆಂಟ್ ಮಾಡಿದ ಕಾರ್ಬನ್ ಪ್ರಿಂಟ್. ಬಣ್ಣ ಬೆರೆಸಿದ ಜಿಲೆಟಿನ್ ಪದರವನ್ನು ಬೆಳಕಿಗೆ ಹಿಡಿದ ಮೇಲೆ ಇನ್ನೊಂದು ಕಾಗದಕ್ಕೆ ಮಗುಚಿ ಹಚ್ಚಿ, ಹಿಂಬದಿಯಿಂದ ತೊಳೆಯುವುದು. ಗಟ್ಟಿ ಭಾಗ ಈಗ ಕಾಗದದ ಕಡೆಗಿರುವುದರಿಂದ ಯಾವ ಛಾಯೆಯೂ ಜಾರುವುದಿಲ್ಲ. ಇನ್ನೊಂದು ಗಮ್‌ನವರ ದಾರಿ: ಪದರವನ್ನೇ ತೆಳುವಾಗಿಸು, ಒಂದರಲ್ಲಿ ಆಗದ್ದನ್ನು ಮೂರು ನಾಲ್ಕು ಪದರದಲ್ಲಿ ತೀರಿಸು. ಒಂದು ಪದರ ನೆರಳಿಗೆ, ಇನ್ನೊಂದು ನಡು ಛಾಯೆಗೆ, ಮತ್ತೊಂದು ಬಣ್ಣ ಕಡಿಮೆ ಹಾಕಿ ತಿಳಿ ಛಾಯೆಗೆ. 1894ರ ಹೊತ್ತಿಗೆ ಪ್ಯಾರಿಸ್ಸಿನ ರಾಬರ್ಟ್ ದ್ಮಾಶಿ ಈ ಮರೆತ ವಿಧಾನವನ್ನು ಮತ್ತೆ ಎತ್ತಿಕೊಂಡ. ಪದರದ ಮೇಲೆ ಪದರ ಹಾಕುವುದನ್ನು ಚೆನ್ನಾಗಿ ಪಳಗಿಸಿದವರು ವಿಯೆನ್ನಾ ಕ್ಯಾಮೆರಾ ಕ್ಲಬ್ಬಿನ ಹೈನ್ರಿಷ್ ಕ್ಯೂನ್ ಮತ್ತು ಅವನ ಗೆಳೆಯರು. 1904ರಲ್ಲಿ ಎಡ್ವರ್ಡ್ ಸ್ಟೈಖೆನ್ ತೆಗೆದ ಬೆಳದಿಂಗಳ ಕೊಳದ ಚಿತ್ರ ಪ್ಲಾಟಿನಂ ಲೋಹದಲ್ಲಿ ಮೂಡಿಸಿದ ಪ್ರಿಂಟಿನ ಮೇಲೆ ಗಮ್ ಪದರ ಕೊಟ್ಟು ಮಾಡಿದ್ದು. ಅದರ ಒಂದು ಪ್ರತಿ 2006ರ ಹರಾಜಿನಲ್ಲಿ 29 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ದುಡ್ಡಿನ ಮಾತು ಬಿಡಿ, ಆ ಕಾಲದಲ್ಲಿ ಇವರಿಗೆಲ್ಲ ಬಿದ್ದ ಬೈಗುಳ ಬೇರೆ ಇತ್ತು. ಕುಂಚ ಆಡಿಸಿ ಮಾಡಿದ್ದು ಫೋಟೊ ಹೇಗಾದೀತು ಎಂದು ಒಂದು ಗುಂಪು, ಬರೀ ಯಂತ್ರ ಕೊಟ್ಟದ್ದು ಕಲೆ ಹೇಗಾದೀತು ಎಂದು ಇನ್ನೊಂದು ಗುಂಪು. ಇವತ್ತಿಗೂ ಆ ಜಗಳ ತೀರಿಲ್ಲ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ, ಕೆನ್ನೆ ಉಳಿದರೆ ಸಾಕು.

ಈಗ ಅಂಟಿಗೆ ಬರೋಣ. ಪುಸ್ತಕದವರು ಹೇಳುವ ಗಮ್ ಅರೇಬಿಕ್ ಜಾಲಿಯ ಬಳಗದ ಒಂದು ಮರದ್ದು, ಅದಕ್ಕೆ ಸುಡಾನ್ ದೇಶ ಹೆಸರುವಾಸಿ. ನಮ್ಮ ಕರಿಜಾಲಿಯೂ ಅದರ ದಾಯಾದಿ, ಅದರ ಅಂಟೂ ನಡೆಯುತ್ತದೆ. ಆದರೆ ಅಂಗಡಿಯಲ್ಲಿ ‘ಅಂಟು’ ಅಂತ ಕೊಡುವುದೆಲ್ಲ ಒಂದೇ ಮರದ್ದಲ್ಲ. ಅಮೀನಗಡ, ಗೋಕಾಕದ ಕರದಂಟಿಗೆ ತುಪ್ಪದಲ್ಲಿ ಹಾಕಿದರೆ ಅರಳುವುದು ಮುಖ್ಯ, ನಮಗೆ ನೀರಿನಲ್ಲಿ ಕರಗುವುದು ಮುಖ್ಯ. ಪರೀಕ್ಷೆ ಸುಲಭ: ನಾಲ್ಕು ಹರಳನ್ನು ರಾತ್ರಿ ನೀರಿನಲ್ಲಿ ಹಾಕಿಡಿ. ಬೆಳಗ್ಗೆ ತೆಳ್ಳಗಿನ ಜೇನಿನಂತೆ ಕರಗಿ ಕೂತಿದ್ದರೆ ಫೋಟೊಗೆ ಬಂತು. ಲೋಳೆಯಂತೆ ಉಬ್ಬಿ ನಿಂತಿದ್ದರೆ ಅದು ಬೇರೆ ಜಾತಿಯ ಅಂಟು, ಪ್ರಿಂಟಿಗೆ ಬೇಡ. ಕರಗುವ ಅಂಟು 100 ಗ್ರಾಮಿಗೆ 200ರಿಂದ 250 ಮಿಲಿಲೀಟರ್ ನೀರು ಸಾಕು. ತೊಗಟೆಯ ಚೂರು, ಕಸ ಇರುತ್ತದೆ, ಹಳೇ ಧೋತರದ ತುಂಡಿನಲ್ಲಿ ಎರಡು ಸಲ ಸೋಸಬೇಕು. ಒಂದೆರಡು ಹನಿ ಲವಂಗದ ಎಣ್ಣೆ ಬಿಟ್ಟರೆ ಬೂಷ್ಟು ತಡವಾಗಿ ಬರುತ್ತದೆ. ಸ್ವಲ್ಪ ಹುಳಿ ವಾಸನೆ ಬಂದರೆ ಚೆಲ್ಲಬೇಡಿ, ಹಳೆಯ ಅಂಟಿನಲ್ಲಿ ನನಗೆ ಹೊಸದಕ್ಕಿಂತ ಒಳ್ಳೆಯ ಚಿತ್ರ ಬಂದಿದೆ.

ಬಣ್ಣಕ್ಕೆ ಟ್ಯೂಬಿನಲ್ಲಿ ಸಿಗುವ ಒಳ್ಳೆಯ ಜಲವರ್ಣ ಸಾಕು, ಯಾಕೆಂದರೆ ಜಲವರ್ಣವೆಂದರೂ ಅಂಟಿನಲ್ಲಿ ಅರೆದ ಬಣ್ಣದ ಪುಡಿಯೇ. ಆದರೆ ನನಗೆ ಇಷ್ಟವಾದದ್ದು ಮನೆಯ ಬಣ್ಣ. ಕುಸುಬಿ ಎಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಕವಚಿ ಹಿಡಿದ ಕಾಡಿಗೆ, ಗೋಡೆಗೆ ಬಳಿಯುವ ಹುರಮಂಜು. ಕಾಡಿಗೆ ಎಂದರೆ ಶುದ್ಧ ಇಂಗಾಲ, ಹುರಮಂಜಿನ ಕೆಂಪು ಎಂದರೆ ಕಬ್ಬಿಣದ ಆಕ್ಸೈಡ್. ಬಾದಾಮಿಯ ಬಂಡೆಗೆ ಕೆಂಪು ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡೇ. ಎರಡೂ ಬಿಸಿಲಿಗೆ ಮಾಸುವ ಬಣ್ಣಗಳಲ್ಲ. ಸರಿಯಾಗಿ ಮಾಡಿದ ಗಮ್ ಪ್ರಿಂಟ್ ನೂರು ವರ್ಷ ದಾಟಿದರೂ ಹಾಗೇ ಇರುವುದಕ್ಕೆ ಇದೇ ಕಾರಣ, ಅದರಲ್ಲಿ ಮಾಸುವುದಕ್ಕೆ ಬೆಳ್ಳಿಯೇ ಇಲ್ಲ. ಮನೆಯ ಬಣ್ಣಕ್ಕೆ ಒಂದು ಶ್ರಮ ಮಾತ್ರ ಇದೆ: ಗಾಜಿನ ಮೇಲೆ ಅಂಟಿನ ಜೊತೆ ಅರ್ಧ ತಾಸು ಅರೆಯಬೇಕು. ಅರೆಯುವಾಗ ಬೇಜಾರು ಬಂದು ನಡುವೆ ಬಿಟ್ಟರೆ ಆ ಬೇಜಾರು ಚುಕ್ಕೆ ಚುಕ್ಕೆಯಾಗಿ ಚಿತ್ರದಲ್ಲಿ ಕಾಣುತ್ತದೆ.

ಮೂರನೆಯದು ಬೈಕ್ರೋಮೇಟ್. ಇಲ್ಲಿ ತಮಾಷೆ ಇಲ್ಲ.

ಕ್ರೋಮಿಯಂ-6 ಕ್ಯಾನ್ಸರ್ ತರುವ ವಸ್ತು. ಪುಡಿ ಉಸಿರಿಗೆ ಹೋಗಬಾರದು, ದ್ರಾವಣ ಚರ್ಮಕ್ಕೆ ತಾಗಬಾರದು. ಕೈಯ ಮೇಲೆ ಗಾಯವಿದ್ದರೆ ಅದು ಒಣಗದ ಹುಣ್ಣಾಗಬಹುದು. ಒಮ್ಮೆ ಚರ್ಮಕ್ಕೆ ಅಲರ್ಜಿ ಅಂಟಿಕೊಂಡರೆ ಆಮೇಲೆ ಒಂದು ಹನಿ ತಾಗಿದರೂ ತುರಿಕೆ ಏಳುತ್ತದೆ, ಜೀವಮಾನವಿಡೀ. ಲಗ್ನಪತ್ರಿಕೆ, ಕೈಚೀಲ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪರದೆಗೆ ಬಳಿಯುವ ಎಮಲ್ಷನ್ ಎಂಬ ಲೇಪಕ್ಕೆ ಇದೇ ಬೈಕ್ರೋಮೇಟನ್ನು ಬೆರೆಸುವ ರೂಢಿ ಇದೆ. ಬರಿಗೈಯಲ್ಲಿ ಬೆರೆಸುವವರನ್ನೂ ಕಂಡಿದ್ದೇನೆ. ಅವರಿಗೆ ಏನೂ ಆಗಿಲ್ಲವಲ್ಲ ಎಂಬ ವಾದವನ್ನು ಒಪ್ಪಬೇಡಿ. ನೈಟ್ರೈಲ್ ಕೈಗವಸು, ಪುಡಿ ತೂಗುವಾಗ ಒಳ್ಳೆಯ ಮಾಸ್ಕ್, ಕಣ್ಣಿಗೆ ಕನ್ನಡಕ. ಇದಕ್ಕೆ ಬಳಸಿದ ಚಮಚ, ಬಟ್ಟಲು, ತಟ್ಟೆ ಮತ್ತೆ ಅಡುಗೆಮನೆ ಹೊಕ್ಕಬಾರದು. ನಾನು ಅಂಟು ಸೋಸುವ ಕೆಲಸವನ್ನಷ್ಟೇ ಮನೆಯೊಳಗೆ ಮಾಡುತ್ತೇನೆ, ಬೈಕ್ರೋಮೇಟಿನ ಸೀಸೆ ಮಾಳಿಗೆಯ ಮೇಲಿನ ಖೋಲಿ ಬಿಟ್ಟು ಇಳಿಯುವುದಿಲ್ಲ. ಅದಕ್ಕೆ ಬೀಗ ಇದೆ, ಮನೆಯಲ್ಲಿ ಮಕ್ಕಳಿವೆ.

ಬಚ್ಚಲಿಗೆ ಚೆಲ್ಲುವುದಂತೂ ಬೇಡವೇ ಬೇಡ. ನಮ್ಮ ಊರಲ್ಲಿ ಎಷ್ಟೋ ಮನೆಗೆ ಕೊಳವೆಬಾವಿಯೇ ಗತಿ, ಅಂಗಳಕ್ಕೆ ಸುರಿದದ್ದು ನಾಳೆ ಯಾರ ಕೊಡಕ್ಕೆ ಬರುತ್ತದೋ. ಉಳಿದ ದ್ರಾವಣಕ್ಕೂ ಮೊದಲ ತೊಳೆನೀರಿಗೂ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಕಿತ್ತಳೆ ಬಣ್ಣ ಹಸಿರಿಗೆ ತಿರುಗುತ್ತದೆ. ಕ್ರೋಮಿಯಂ-6 ಹೋಗಿ ಅದಕ್ಕಿಂತ ಎಷ್ಟೋ ಕಡಿಮೆ ಅಪಾಯದ ಕ್ರೋಮಿಯಂ-3 ಆಯಿತು ಅನ್ನುವ ಗುರುತು ಅದು. ಇದನ್ನು ಬಯಲಲ್ಲೇ ಮಾಡಬೇಕು, ಗಂಧಕದ ಘಾಟು ಏಳುತ್ತದೆ. ಹಾಗೆ ಮಾಡಿದ ಮೇಲೂ ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಬೇಕು. ಯುರೋಪಿನಲ್ಲಿ 2017ರಿಂದ ಬೈಕ್ರೋಮೇಟುಗಳನ್ನು ವಿಶೇಷ ಅನುಮತಿ ಇಲ್ಲದೆ ಬಳಸುವಂತಿಲ್ಲ. ಅಲ್ಲಿನವರು ಡಿಎಎಸ್ ಎಂಬ ಬೇರೆ ರಾಸಾಯನಿಕಕ್ಕೆ, ಕಬ್ಬಿಣದ ಲವಣಗಳಿಗೆ ಹೊರಳುತ್ತಿದ್ದಾರೆ. ಇಷ್ಟೆಲ್ಲ ಕಾಳಜಿ ಮಾಡಲಾಗದವರು ಗಮ್ ಬಿಟ್ಟು ಸಯನೋಟೈಪ್ ಕಲಿಯಿರಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಆ ನೀಲಿ ಚಿತ್ರಕ್ಕೆ ಕಬ್ಬಿಣದ ಎರಡು ಲವಣ ಮತ್ತು ನೀರು ಸಾಕು, ವಿಷದ ಕಾಟ ಬಹಳ ಕಡಿಮೆ.

ಅಮೋನಿಯಂ, ಪೊಟ್ಯಾಸಿಯಂ ಎಂದು ಬೈಕ್ರೋಮೇಟಿನಲ್ಲಿ ಎರಡು ಬಗೆ. ಕೋಣೆಯ ತಾಪದಲ್ಲಿ 100 ಮಿಲಿಲೀಟರ್ ನೀರಿಗೆ ಪೊಟ್ಯಾಸಿಯಂನದು ಸುಮಾರು 12 ಗ್ರಾಮ್ ಕರಗುತ್ತದೆ, ಅಮೋನಿಯಂನದು 30 ಗ್ರಾಮಿಗೂ ಮೇಲೆ. ಹೆಚ್ಚು ಕರಗಿದಷ್ಟೂ ಬೆಳಕಿಗೆ ಚುರುಕು. ಅಮೋನಿಯಂನದು ಬೆಂಕಿಗೆ ಹತ್ತಿರ ಹೋಗಬಾರದ ವಸ್ತು, ಶಾಲೆಯಲ್ಲಿ ಜ್ವಾಲಾಮುಖಿ ತೋರಿಸಲು ಹಚ್ಚುತ್ತಿದ್ದ ಕಿತ್ತಳೆ ಹರಳು ಅದೇ. ನಮ್ಮ ಬಿಸಿಲಿಗೆ ಪೊಟ್ಯಾಸಿಯಂನದೇ ಧಾರಾಳ. ಬಿಸಿಲು ಸಾಲದ ದೇಶದವರಿಗೆ ಬೇಕಾದ ಅವಸರ ನಮಗೇಕೆ?

ನೆಗೆಟಿವ್ ಚಿತ್ರದಷ್ಟೇ ದೊಡ್ಡದಿರಬೇಕು. ಈ ಪದರ ಬೆಳಕಿಗೆ ಎಷ್ಟು ಮಂದ ಎಂದರೆ ಸಣ್ಣ ನೆಗೆಟಿವನ್ನು ಕಾಗದದ ಮೇಲೆ ದೊಡ್ಡದು ಮಾಡಿ ಬಿಡುವ ಎನ್‌ಲಾರ್ಜರ್‌ನ ಬೆಳಕು ಇದಕ್ಕೆ ಲೆಕ್ಕವೇ ಅಲ್ಲ. ಹಾಗಾಗಿ ಎ4 ಚಿತ್ರಕ್ಕೆ ಎ4 ನೆಗೆಟಿವ್, ನೇರ ಕಾಗದದ ಮೇಲಿಟ್ಟು ಗಾಜು ಒತ್ತುವುದು. ಮೊಬೈಲಿನಲ್ಲಿ ತೆಗೆದ ಫೋಟೊವನ್ನೇ ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಮಾಡಿ, ಉಲ್ಟಾ ಮಾಡಿ, ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದರೆ ಆಯಿತು. ನಾನು ಆರಿಸಿಕೊಂಡದ್ದು ಬಾರಾ ಕಮಾನ್. ಎರಡನೆಯ ಅಲಿ ಆದಿಲ್‌ಶಾಹಿಯ ಪೂರ್ತಿಯಾಗದ ಗೋರಿಯ ಆ ಕಪ್ಪು ಕಲ್ಲಿನ ಕಮಾನುಗಳು ಗಮ್‌ಗಾಗಿಯೇ ಕಟ್ಟಿದಂತಿವೆ: ದೊಡ್ಡ ಆಕಾರ, ದಟ್ಟ ನೆರಳು, ಆಚೆ ಖಾಲಿ ಆಕಾಶ. ಮೊದಲು ಇಬ್ರಾಹಿಂ ರೋಜಾದ ಗೋಡೆಯ ಅಕ್ಷರದ ಕೆತ್ತನೆಯನ್ನು ಪ್ರಯತ್ನಿಸಿ ಸೋತಿದ್ದೆ. ಸಣ್ಣ ಕುಸುರಿಯನ್ನು ಅಂಟು ನುಂಗಿಬಿಡುತ್ತದೆ.

ಕಾಗದ ಹತ್ತಿಯದಿರಬೇಕು, ದಪ್ಪ ಇರಬೇಕು, 300 ಜಿಎಸ್ಎಂ ಜಲವರ್ಣ ಕಾಗದ ಸರಿ. ನಾಲ್ಕೈದು ಸಲ ನೀರಿಗೆ ಬೀಳುವ ಕಾಗದ ಕುಗ್ಗುತ್ತದೆ. ಮೊದಲ ಪದರಕ್ಕೂ ಎರಡನೆಯದಕ್ಕೂ ನಡುವೆ ಒಂದು ಮಿಲಿಮೀಟರ್ ಕುಗ್ಗಿದರೆ ಕಮಾನಿಗೆ ಎರಡು ಅಂಚು ಬರುತ್ತದೆ. ಅದಕ್ಕೆ ಮೊದಲೇ ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ ಕುಗ್ಗಿಸಿಟ್ಟುಕೊಳ್ಳಬೇಕು. ಆಮೇಲೆ ಕಾಗದದ ರಂಧ್ರ ಮುಚ್ಚಬೇಕು, ಇಲ್ಲವಾದರೆ ಬಣ್ಣ ನಾರಿನೊಳಗೆ ಇಳಿದು ಎಷ್ಟು ತೊಳೆದರೂ ಬಿಳಿ ಬಿಳಿಯಾಗುವುದಿಲ್ಲ. ಇಳಕಲ್ಲಿನ ನೇಕಾರರು ಹಾಸಿನ ನೂಲಿಗೆ ಗಂಜಿ ಕೊಡುತ್ತಾರಲ್ಲ, ಹಾಗೆ ಕಾಗದಕ್ಕೂ ಗಂಜಿ. ಹೆಚ್ಚಿನವರು ಜಿಲೆಟಿನ್ ಬಳಸಿ ಅದನ್ನು ಫಾರ್ಮಲಿನ್‌ ಅಥವಾ ತುರಟಿಯಿಂದ ಬಿಗಿ ಮಾಡುತ್ತಾರೆ. ಜಿಲೆಟಿನ್ ಎಂದರೆ ದನದ ಎಲುಬು ತೊಗಲಿನದು ಎಂದು ಗೊತ್ತಾದ ದಿನ ಅವ್ವ, “ಅದನ್ನ ನನ್ನ ಒಲಿ ಮ್ಯಾಲೆ ಇಟ್ಟೀಯಂದ್ರ ನೋಡು ಮತ್ತ” ಅಂದಳು. ನನ್ನದು ಈಗ ನೀರು ಬೆರೆಸಿದ ಅಕ್ರಿಲಿಕ್ ಲೇಪ. ಸುಲಭ, ವಾಸನೆ ಇಲ್ಲ, ಅವ್ವನಿಗೂ ತಕರಾರಿಲ್ಲ. ಜಿಲೆಟಿನ್‌ನಷ್ಟು ನುಣುಪು ಬರುವುದಿಲ್ಲ ಎಂಬುದನ್ನು ಮಾತ್ರ ಒಪ್ಪಬೇಕು.

ಕಲಸುವ ಅಳತೆ: ಅಂಟಿನ ನೀರು 3 ಮಿಲಿಲೀಟರ್, ಬೈಕ್ರೋಮೇಟ್ ದ್ರಾವಣ 3 ಮಿಲಿಲೀಟರ್, ಬಣ್ಣ ಕಡಲೆಕಾಳಿನಷ್ಟು. ಎ4 ಅಳತೆಯ ಒಂದೆರಡು ಹಾಳೆಗೆ ಇಷ್ಟು ಬೇಕಾದಷ್ಟಾಯಿತು. ಬಣ್ಣ ಹೆಚ್ಚಾದರೆ ಚಿತ್ರ ಗಾಢವಾಗುತ್ತದೆ ಎಂದು ತಿಳಿದು ಮೊದಲ ಸಲ ನಾನು ಮೂರು ಪಟ್ಟು ಕಾಡಿಗೆ ಹಾಕಿದ್ದೆ. ಹೆಚ್ಚಿನ ಬಣ್ಣ ಬೆಳಕನ್ನು ತಳಕ್ಕೆ ಬಿಡಲಿಲ್ಲ. ಎರೆಹೊಲದ ಹೆಪ್ಪಳಿಕೆಯ ಕಥೆಯೇ ಆಯಿತು, ನೀರಿಗೆ ಹಾಕಿದ ಐದು ನಿಮಿಷಕ್ಕೆ ಇಡೀ ಬಾರಾ ಕಮಾನ್ ಕಪ್ಪು ಚಕ್ಕೆಗಳಾಗಿ ತಟ್ಟೆಯಲ್ಲಿ ತೇಲುತ್ತಿತ್ತು.

ಬಳಿಯುವುದು ಅಗಲ ಕುಂಚದಿಂದ, ಆಮೇಲೆ ಒಣ ಕುಂಚದಿಂದ ಮೇಲೆ ಮೇಲೆ ಸವರಿ ಗೆರೆ ಅಳಿಸುವುದು. ಇದಕ್ಕೆ ಬೇರೆ ಊರಿನ ಪುಸ್ತಕ ಒಂದೆರಡು ನಿಮಿಷ ಕೊಡುತ್ತದೆ. ವಿಜಯಪುರದ ಏಪ್ರಿಲ್ ಮಧ್ಯಾಹ್ನ ಅರ್ಧ ನಿಮಿಷವನ್ನೂ ಕೊಡುವುದಿಲ್ಲ, ಕುಂಚ ಎತ್ತುವ ಮೊದಲೇ ಅಂಚು ಒಣಗಿ ಪಟ್ಟೆ ಪಟ್ಟೆ. ಬೇಸಿಗೆಯಲ್ಲಿ ಬೆಳಗಿನ ಆರಕ್ಕೆ ಬಳಿಯುತ್ತೇನೆ, ಅಂಟಿಗೆ ಸ್ವಲ್ಪ ನೀರು ಹೆಚ್ಚು ಹಾಕುತ್ತೇನೆ. ಬಳಿದ ಕಾಗದವನ್ನು ಅವತ್ತೇ ಮುಗಿಸಬೇಕು, ಕತ್ತಲಲ್ಲಿಟ್ಟರೂ ಹದವಾಗುವ ಕ್ರಿಯೆ ಒಳಗೊಳಗೇ ನಡೆದಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಇನ್ನೂ ಬೇಗ.

ಬಿಸಿಲಿಗೆ ಎಷ್ಟು ಹೊತ್ತು? ಇದಕ್ಕೆ ಅಚ್ಚಾದ ಉತ್ತರ ಯಾರೂ ಕೊಡಲಾರರು. ಕಾಗದದ ಒಂದು ಪಟ್ಟಿ ಬಳಿದು, ಅದರ ಮೇಲೆ ರಟ್ಟನ್ನು ನಿಮಿಷಕ್ಕೊಮ್ಮೆ ಸರಿಸುತ್ತ ಒಂದರಿಂದ ಆರು ನಿಮಿಷದವರೆಗೆ ಪರೀಕ್ಷೆ ಮಾಡಿ. ಹನ್ನೊಂದು ಗಂಟೆಯ ಬೇಸಿಗೆ ಬಿಸಿಲಲ್ಲಿ ನನ್ನದು ಮೂರು ನಿಮಿಷದ ಆಸುಪಾಸು. ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ಬೆಳಕಿನಂತೆ ಕಾವೂ ಈ ಅಂಟನ್ನು ಗಟ್ಟಿ ಮಾಡುತ್ತದೆ. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಗಾಜಿನ ಚೌಕಟ್ಟು ಇಟ್ಟರೆ ಅದು ಕಾದ ಹಂಚು. ಆಗ ಬಿಳಿ ಇರಬೇಕಾದ ಆಕಾಶವೂ ಮಬ್ಬಾಗಿ ಉಳಿಯುತ್ತದೆ. ಅದಕ್ಕೆ ನಾನು ಗೋಡೆಯ ನೆರಳಿನಲ್ಲಿ, ಬರೀ ನೀಲಿ ಆಕಾಶದ ಬೆಳಕಿಗೆ ಹಿಡಿಯುತ್ತೇನೆ. ಹೊತ್ತು ಮೂರು ನಾಲ್ಕು ಪಟ್ಟು ಹಿಡಿಯುತ್ತದೆ, ಚಿತ್ರ ಮೆತ್ತಗೆ ಬರುತ್ತದೆ.

ತೊಳೆಯುವುದೇ ಇದರ ಸೊಗಸು. ಕೋಣೆಯ ತಾಪದ ನೀರಿನ ತಟ್ಟೆಯಲ್ಲಿ ಕಾಗದವನ್ನು ಬೋರಲು ತೇಲಿಬಿಟ್ಟು ಸುಮ್ಮನಿರಬೇಕು. ಮೊದಲು ಕಿತ್ತಳೆ ಬಣ್ಣ ನೀರಿಗೆ ಬಿಡುತ್ತದೆ, ಆ ನೀರನ್ನು ತೆಗೆದಿಟ್ಟು ಹೊಸದು ಹಾಕಬೇಕು. ಆಮೇಲೆ ಕಾಡಿಗೆ ಹೊಗೆಯಂತೆ ಕೆಳಗಿಳಿಯುತ್ತದೆ. ಅರ್ಧ ತಾಸಿನಿಂದ ಒಂದು ತಾಸು. ಬೆಳಕು ಹೆಚ್ಚಾಗಿದ್ದರೆ ಬಿಸಿನೀರು, ಮೆತ್ತನೆಯ ಕುಂಚ ಸಹಾಯಕ್ಕೆ ಬರುತ್ತವೆ, ಕಡಿಮೆಯಾಗಿದ್ದರೆ ಏನೂ ಮಾಡಲಾಗದು. ಹಾಗಾಗಿ ಸಂದೇಹವಿದ್ದಾಗ ಅರ್ಧ ನಿಮಿಷ ಹೆಚ್ಚೇ ಕೊಡಿ. ಒದ್ದೆ ಪದರ ಬೆಣ್ಣೆಯಷ್ಟು ಮೃದು, ಉಗುರು ತಾಗಿದರೂ ಕಿತ್ತು ಬರುತ್ತದೆ. ಕುಂಚದ ತುದಿಯಿಂದ ಆಕಾಶದಲ್ಲಿ ಒಂದು ಮೋಡ ಬಿಡಿಸಬಹುದು. ದ್ಮಾಶಿಗೆ ಬೈಗುಳ ತಂದದ್ದು ಇದೇ ಸಲಿಗೆ.

ಒಣಗಿದ ಮೇಲೆ ಅದೇ ಕಾಗದಕ್ಕೆ ಎರಡನೆಯ ಪದರ, ಅದೇ ನೆಗೆಟಿವ್ ಅದೇ ಜಾಗದಲ್ಲಿ. ಸರಿ ಕೂರಿಸಲು ನಾನು ಕಾಗದಕ್ಕೂ ನೆಗೆಟಿವ್‌ಗೂ ಎರಡು ತೂತು ಹೊಡೆದು ಗುಂಡುಪಿನ್ನು ಚುಚ್ಚುತ್ತೇನೆ. ಪೂರ್ಣ ಬಣ್ಣದ ಚಿತ್ರ ಬೇಕೆಂದರೆ ಮೂರು ಬೇರೆ ನೆಗೆಟಿವ್, ಮೂರು ಬಣ್ಣ: ಹಳದಿ, ಗುಲಾಬಿಗೆಂಪು, ಆಕಾಶ ನೀಲಿ. ಲಗ್ನಪತ್ರಿಕೆ ಅಚ್ಚಾಗುವ ಲೆಕ್ಕವೇ. ನೀಲಿಯ ಬದಲು ತಳದಲ್ಲಿ ಸಯನೋಟೈಪ್ ಕೊಟ್ಟು ಮೇಲೆ ಉಳಿದೆರಡು ಗಮ್ ಪದರ ಹಾಕುವವರು ಬಹಳ, ಯಾಕೆಂದರೆ ಕುಸುರಿಯನ್ನು ಸಯನೋಟೈಪ್ ಹಿಡಿದುಕೊಳ್ಳುತ್ತದೆ, ಬಣ್ಣವನ್ನು ಗಮ್ ಕೊಡುತ್ತದೆ. ಕೊನೆಗೆ ಕಾಗದದಲ್ಲಿ ಹಳದಿ ಛಾಯೆ ಉಳಿದಿದ್ದರೆ ನೂರಕ್ಕೆ ಎರಡರಷ್ಟು ಮೆಟಾಬೈಸಲ್ಫೈಟ್ ನೀರಿನಲ್ಲಿ ಕೆಲ ನಿಮಿಷ ಅದ್ದಿ, ಮತ್ತೆ ತೊಳೆದರೆ ಹೋಗುತ್ತದೆ.

ನನ್ನ ಬಾರಾ ಕಮಾನ್ ಈಗ ನಾಲ್ಕು ಪದರದ್ದು. ಮೂರು ಕಾಡಿಗೆ, ಒಂದು ಹುರಮಂಜು. ಕಾಕಾಗೆ ತೋರಿಸಲು ಒಯ್ದಿದ್ದೆ. ಅವರು ಬೆಳಕಿಗೆ ಹಿಡಿದು, ಬೆರಳಿಂದ ಒಂದು ಅಂಚು ಸವರಿ, “ಜಿಗಿ ಹತ್ತಂಗಿಲ್ಲಲ್ಲ” ಅಂದರು. ಹತ್ತುವುದಿಲ್ಲ, ಹದವಾಗಿದೆ ಅಂದೆ. ಎಡಗಡೆಯ ತಿಳಿ ನೆರಳಿನ ಸಣ್ಣ ಕಮಾನೊಂದು ಮಾತ್ರ ಪ್ರತಿ ಸಲವೂ ತೊಳೆದು ಹೋಗಿದೆ. ಮಳೆಗಾಲಕ್ಕೆ ಗಾಳಿಯಲ್ಲಿ ತೇವ ಬಂದಮೇಲೆ, ಬಣ್ಣ ಅರ್ಧಕ್ಕಿಳಿಸಿ ಐದನೆಯ ಪದರ ಕೊಟ್ಟು ನೋಡಬೇಕು.